ನಯನಳ ಅಳತೆಯ ಬಳೆ

"ಥೂ ನಿನ್ನ! ಬಳೆ ಅಂಗ್ಡಿ ಮುಂದೆ ನಿಂತ್ಕಂಡು ಮನೆ ಮಾನ ಹರಾಜಿಗಿಟ್ಟಿದ್ದೀಯಲ್ಲ, ನಾಚ್ಕೆ ಐತೇನ್ಲಾ ನಿಂಗೆ?"

ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬೈದವರು ಮೂಗೂರಿನ ಬೆಟ್ಟಸ್ವಾಮಿ, ಬೈಸಿಕೊಂಡವನು ಅವರ ತಮ್ಮನ ಮಗ ಅಮೃತೇಶ. ಮನೆಜಗಳ ನಮಗೇಕೆಂದು ಬಳೆಗಾರ್ತಿ ಗೋವಿಂದಮ್ಮ ಗೊಂಚಲಿಗೆ ಕೈಹಾಕಿದಳು.

"ಯಾರ್ಗಪ್ಪಾ?"

"ನಮ್ಮಕ್ಕ ನಯನಂಗೆ. ಹಸಿರು, ಒಂದು ಡಜನ್."

"ಅವಳ್ನೇ ಕಳ್ಸು, ತೊಡಿಸ್ತೀನಿ. ಯುಗಾದಿಗೂ ನಾನೇ ತೊಡ್ಸಿದ್ದು."

ಅಮೃತೇಶನಿಗಿಂತ ಮೊದಲು ಬೆಟ್ಟಸ್ವಾಮಿಯೇ ಹೇಳಿದರು.

"ಎಲ್ಲಿಂದ ಕಳುಸ್ತಾನೆ ಗೋವಿಂದಮ್ಮ? ಅವ್ಳು ತಾನಾಗೇ ಜೀವ ಕಳ್ಕಂಡು ಮೂರು ತಿಂಗ್ಳಾಯ್ತು."

ಗೋವಿಂದಮ್ಮನ ಕೈ ಗೊಂಚಲಲ್ಲೇ ನಿಂತುಬಿಟ್ಟಿತು. ಯುಗಾದಿಯಲ್ಲಿ ಹಿಡಿದಿದ್ದ ಆ ಹುಡುಗಿಯ ಕೈ ಬೆಚ್ಚಗಿತ್ತು.

"ಎಡೇಲಿ ಇಡಕ್ಕೆ ಕಣಮ್ಮ," ಅಂದ ಅಮೃತೇಶ. " ಹಿರೀಕರ ಹಬ್ಬದಲ್ಲಿ ಸತ್ತೋರೆಲ್ಲಾರ್ಗೂ ಹೊಸ ಬಟ್ಟೆ ಇಟ್ಟು, ಅವಳೊಬ್ಬಳ್ನ ಬಿಡ್ತಾರಂತೆ."

"ಅಂಗೆ ಸತ್ತೋರ್ಗೆ ನಮ್ಮಲ್ಲಿ ಎಡೆ ಇಕ್ಕಂಗಿಲ್ಲ ಕಣ್ಲಾ!"

"ಎಂಗೆ ಸತ್ರೂ ನಮ್ಮಕ್ಕನೇ ದೊಡ್ಡಪ್ಪ."

ಗೋವಿಂದಮ್ಮ ಅಳತೆ ಕೇಳಲಿಲ್ಲ. ಹನ್ನೆರಡು ಬಳೆ ತೆಗೆದಳು. ತೊಡಿಸುವಾಗ ಒಳ್ಳೆಯದಾಗಲಿ ಎಂದು ಹೆಚ್ಚಿಗೆ ಕೊಡುವ ಒಂದನ್ನೂ ಸೇರಿಸಿ ಪೇಪರಿನಲ್ಲಿ ಸುತ್ತಿದಳು.

ಅದನ್ನು ನೋಡಿದ ಬೆಟ್ಟಸ್ವಾಮಿಯ ದನಿ ಕುಸಿಯಿತು.

"ಸಾಯೋ ಹಿಂದ್ಲ ಸಂಜೆ ನಂಗೆ ಕಾಪಿ ತಂದ್ಕೊಟ್ಳು. ಸಕ್ರೆ ಸಾಕಾ ದೊಡ್ಡಪ್ಪ ಅಂತ ನಗ್ತಾ ಕೇಳಿದ್ಳು. ನಂಗೊಂದು ಮಾತು ಏಳ್ಬೇಕು ಅನ್ನಿಸ್ಲಿಲ್ವೇನೋ ಆ ಮಗೀಗೆ? ನಿಂಗಾದ್ರೂ ಗೊತ್ತಿತ್ತೇನ್ಲಾ?"

ಅಮೃತೇಶ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಮೂಗೂರಿನ ಬಸ್ಸಿನತ್ತ ನಡೆದುಬಿಟ್ಟ.