ಬಾವಿಯ ಹತ್ತಿರ ಕಳಚುವ ಚೈನು

ದೀಪ ಸ್ವಲ್ಪ ಸಣ್ಣದು ಮಾಡಿ, ಹೇಳುತ್ತೇನೆ. ಕಟ್ಟುಕತೆಯಲ್ಲ ಇದು, ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ವೆಲ್ಡಿಂಗ್ ಕೆಲಸದವನು. ಹಿಡಿದ ಹಟ ಬಿಡುವವನಲ್ಲ, ಅದಕ್ಕೇ ಮನೆಯವರೆಲ್ಲ ಅವನನ್ನು ಮೊಂಡ ಅಂತಲೇ ಕರೆಯುವುದು.

ಅವನ ಮಗಳಿಗೆ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಬೆಳಗಿನ ಪಾಳಿ, ಕತ್ತಲಲ್ಲೇ ಹೊರಡಬೇಕು. ಹಳೇ ಪೈಪುಗಳನ್ನು ಬೆಸೆದು ಅವಳಿಗೊಂದು ಮಿನಿ ಬೈಕ್ ಮಾಡಿದ. ಎಂಜಿನ್ ಮಾತ್ರ ಕಾರ್ಖಾನೆಗೆ ಹೋಗುವ ದಾರಿಯಲ್ಲಿದ್ದ ಪಾಳುಬಾವಿಯ ಪಂಪಿನದು. ಆ ಪಂಪು ನೋಡಿಕೊಳ್ಳುತ್ತಿದ್ದ ಮುದುಕ ಒಂದು ದಿನ ಬಾವಿಗೆ ಬಗ್ಗಿದವನು ಮೇಲೆ ಬಂದಿರಲಿಲ್ಲ. ಹೆಣವೂ ಸಿಗಲಿಲ್ಲ. ಆ ಎಂಜಿನ್ ಮುಟ್ಟಬೇಡ ಅಂದವರಿಗೆ ಮೊಂಡ ನಗುತ್ತಿದ್ದ. "ಕಬ್ಬಿಣಕ್ಕೆ ಎಂಥಾ ದೆವ್ವ."

ಬೈಕ್ ಓಡಿತು. ಆದರೆ ಬಾವಿ ಹತ್ತಿರ ಬಂದರೆ ಸಾಕು... ಕಟಕ್. ಚೈನು ಕಳಚಿ ಬೀಳುತ್ತಿತ್ತು. ಚೈನು ಕೂರುವ ಹಲ್ಲುಗಾಲಿಗಳು, ಅಂದರೆ ಕ್ಲಚ್ಚಿನ ಸ್ಪ್ರಾಕೆಟ್ಟೂ ಹಿಂದಿನ ಚಕ್ರದ ಸ್ಪ್ರಾಕೆಟ್ಟೂ, ಒಂದೇ ಗೆರೆಯಲ್ಲಿವೆಯೇ ಎಂದು ದಾರ ಹಿಡಿದು ನೋಡಿದ. ಕೂದಲೆಳೆಯಷ್ಟೂ ಓರೆಯಿಲ್ಲ. ಹಲ್ಲು ಸವೆದಿರಬಹುದೆಂದು ಕ್ಲಚ್ಚಿಗೆ ಹೊಸ ಸ್ಪ್ರಾಕೆಟ್ ಹಾಕಿದ. ಚೈನೂ ಹೊಸದು ತಂದ. ಬೇರೆಲ್ಲ ಕಡೆ ಬೆಣ್ಣೆಯ ಹಾಗೆ ಓಡುವ ಗಾಡಿ, ಅಲ್ಲಿ ಮಾತ್ರ ಕಟಕ್.

ಮಗಳು ಮರುದಿನವೇ ಕೆಲಸಕ್ಕೆ ಸೇರಬೇಕಿತ್ತು. ಕತ್ತಲಲ್ಲಿ, ಆ ಬಾವಿಯ ಹತ್ತಿರ, ಚೈನು ಕಳಚಿಕೊಂಡು ಅವಳೊಬ್ಬಳೇ ನಿಲ್ಲುವುದೇ? ಮೊಂಡನಿಗೆ ನಿದ್ದೆ ಹತ್ತಲಿಲ್ಲ. ರಾತ್ರಿಯೇ ಇನ್ನೊಮ್ಮೆ ಓಡಿಸಿ ನೋಡಲು ಎದ್ದ. ಮನೆಯಲ್ಲಿದ್ದ ಭಾವಮೈದುನ, "ನೀವು ಮುಂದೆ ಹೋಗಿ ಭಾವ, ಹಿಂದೇನೇ ಬರ್ತೀನಿ" ಅಂದ.

ಬಾವಿ ಬಂತು. ಕಟಕ್.

ಎಂಜಿನ್ ನಿಲ್ಲಿಸಿ, ಟಾರ್ಚು ನೆಲಕ್ಕಿಟ್ಟು ಮಂಡಿಯೂರಿದ. ಚೈನನ್ನು ಹಲ್ಲಿಗೆ ಕೂರಿಸುತ್ತಿದ್ದಾಗ ಬೆನ್ನ ಹಿಂದೆ ಯಾರೋ ಬಂದು ನಿಂತರು. ಭಾವಮೈದುನನೇ ಅಂದುಕೊಂಡು ತಿರುಗಿಯೂ ನೋಡಲಿಲ್ಲ.

"ಬಿಗಿ ಆಯ್ತು." ಪಿಸುದನಿ.

"ಎಷ್ಟು ಬಿಡ್ಲಿ?"

"ಒಂದು ಬೆರಳು."

ಹಿಂದಿನ ಚಕ್ರದ ನಟ್ಟು ಸಡಿಲಿಸಿ, ಚೈನು ಬೆರಳಗಲ ಆಡುವಷ್ಟು ಬಿಟ್ಟ.

"ಗಾಡಿ ಯಾರಿಗೆ?"

"ಗೊತ್ತಿಲ್ದೋನ ಥರ ಕೇಳ್ತೀಯಲ್ಲೋ. ನಿಮ್ಮಕ್ಕನ ಮಗಳಿಗೆ."

ತೊಟ್... ತೊಟ್... ಬೆನ್ನ ಹಿಂದೆ ನೀರು ತೊಟ್ಟಿಕ್ಕುವ ಸದ್ದು.

"ನಾಳೆ ಬರ್ತಾಳಾ?"

ಈ ದನಿ ಭಾವಮೈದುನನದಲ್ಲ. ತಿರುಗಿದ. ಯಾರೂ ಇಲ್ಲ. ಬಾವಿಕಟ್ಟೆ ಒದ್ದೆಯಾಗಿತ್ತು.

ಮನೆಯವರೆಗೂ ಚೈನು ಒಮ್ಮೆಯೂ ಕಳಚಲಿಲ್ಲ. ಒಳಗೆ ಭಾವಮೈದುನ ಹೊದ್ದು ಗೊರಕೆ ಹೊಡೆಯುತ್ತಿದ್ದ, ಹಾಸಿಗೆ ಬಿಟ್ಟು ಎದ್ದೇ ಇರಲಿಲ್ಲ.

ಮೊಂಡನಿಗೆ ಹೆದರಿಕೆಗಿಂತ ಸಂಕಟವೇ ಹೆಚ್ಚಾಯಿತು. ಮಗಳ ವಿಷಯ ತನ್ನ ಬಾಯಿಂದಲೇ ಹೇಳಿಬಂದಿದ್ದನಲ್ಲ. ಆಗಲೇ ಎಂಜಿನ್ ಬಿಚ್ಚಿದ. ಕ್ಲಚ್ಚು, ಸ್ಪ್ರಾಕೆಟ್ಟು ಸಮೇತ ಹೆಗಲ ಮೇಲೆ ಹೊತ್ತೊಯ್ದು ಬಾವಿಗೆ ಹಾಕಿದ. "ನಿಂದು ನೀನೇ ಇಟ್ಕೋ." ಕಿವಿಗೊಟ್ಟು ನಿಂತ. ನೀರಿಗೆ ಬಿದ್ದ ಸದ್ದು ಬರಲೇ ಇಲ್ಲ...

ಬೆಳಗಿನ ಜಾವ ಮಗಳನ್ನು ಸುತ್ತು ದಾರಿಯಲ್ಲಿ ನಡೆಸಿಕೊಂಡು ಹೋಗಿ ಕಾರ್ಖಾನೆಗೆ ಬಿಟ್ಟು ಬಂದ. ಪಾಳಿ ಮುಗಿಸಿ ಅವಳು ಹಾಡುಹಗಲಲ್ಲಿ ಒಬ್ಬಳೇ ಮನೆಗೆ ಬಂದಳು.

"ಕಾಲು ನೋಯ್ತಿತ್ತಪ್ಪಾ, ಹತ್ತಿರದ ದಾರೀಲೇ ಬಂದೆ. ಬಾವಿ ಹತ್ರ ಯಾರೋ ತಾತ ಇದನ್ನ ಕೊಟ್ರು."

ಕರವಸ್ತ್ರದ ಗಂಟು ಬಿಚ್ಚಿದಳು. ಅವನು ಹೊಸದಾಗಿ ಹಾಕಿದ್ದ ಕ್ಲಚ್ಚಿನ ಸ್ಪ್ರಾಕೆಟ್. ಹಲ್ಲುಗಳೆಲ್ಲ ಸವೆದು ನುಣ್ಣಗಾಗಿದ್ದವು.

"ಇನ್ನೊಂದು ಬೇಕಂತೆ. ನನ್ನ ಕೈಲೇ ಕಳಿಸ್ಬೇಕಂತೆ."

ಅವತ್ತಿನಿಂದ ಅವಳನ್ನು ಆ ದಾರಿ ತುಳಿಯಲು ಅವನು ಬಿಟ್ಟಿಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ಸಂಜೆ ಅವರ ಮನೆಗೆ ಹೋಗಿದ್ದೆ, ಆ ಸ್ಪ್ರಾಕೆಟ್ಟನ್ನು ನಾನೇ ಕೈಯಾರೆ ಮುಟ್ಟಿ ನೋಡಿದ್ದೇನೆ.

ಇನ್ನೂ ಬಿಸಿಯಿತ್ತು.