ತಾಕಾದಾಯ್ ಬಸ್ಸಿನ ಮಾತನ್ನು ಓಡುವ ವಾಹನದಿಂದ ಹೇಳಿದ ಬಗ್ಗೆ

ಹೆಸರು ನೆಗಿಶಿ ಫುಮಿನೊ, ಗಂಡನ ಹೆಸರು ನೆಗಿಶಿ ಯಾಸುವೊ, ವಯಸ್ಸು 61 ವರ್ಷ. ಕೆಲಸ: ಚುನಾವಣಾ ವಾಹನದಲ್ಲಿ ಮೈಕ್ ಹಿಡಿದು ಕೂಗುವುದು, ಚುನಾವಣೆ ಇಲ್ಲದ ದಿನಗಳಲ್ಲಿ ಬಂದರಿನ ಮೀನಿನ ಅಂಗಡಿಯಲ್ಲಿ ಪೊಟ್ಟಣ ಕಟ್ಟುವುದು. ವಾಸ: ಮನೆ ನಂ. 14, ತಾಕಾದಾಯ್ 3ನೇ ಬಡಾವಣೆ, ಮಿನೊಸಾಕಿ ನಗರ. ಈ ದಿನ ಮಧ್ಯಾಹ್ನ 2.00 ಗಂಟೆಗೆ ಠಾಣೆಗೆ ಹಾಜರಾಗಿ ಹೇಳಿ ಬರೆಸುತ್ತಿರುವುದೇನೆಂದರೆ,

ನಾನು 26 ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಊರಿನವರು ನಮ್ಮನ್ನು ಹಾಡುಹಕ್ಕಿ ಎನ್ನುತ್ತಾರೆ. ಈಗ ನನ್ನ ಗಂಟಲಿನಲ್ಲಿ ಹಕ್ಕಿಗಿಂತ ಕಾಗೆಯೇ ಜಾಸ್ತಿ, ಆದರೂ ಕರೆಯುತ್ತಾರೆ. ವಾಹನ ಓಡುತ್ತಿರುವಾಗ ಅಭ್ಯರ್ಥಿಯ ಹೆಸರು ಕೂಗಬಹುದು, ಮತ ಕೊಡಿ ಎಂದು ಬೇಡಬಹುದು, ಅಷ್ಟೇ. ಗೆದ್ದರೆ ಅವರು ಏನು ಮಾಡುತ್ತಾರೆ ಎಂಬುದನ್ನು ವಾಹನ ನಿಲ್ಲಿಸಿದ ಮೇಲೆಯೇ ಹೇಳಬೇಕು. ಕಾನೂನು ಹಾಗಿದೆ. ಇದು ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಹೊಸದಾಗಿ ಬರುವ ಹುಡುಗಿಯರಿಗೆ ಇದನ್ನು ಕಲಿಸಿಕೊಡುವವಳೇ ನಾನು.

ಈ ಸಲದ ನಗರಸಭೆ ಚುನಾವಣೆಯಲ್ಲಿ ನಾನು ಒಗೂರಿ ಸೆಯ್‌ಜಿ ಎಂಬ ಅಭ್ಯರ್ಥಿಯ ವಾಹನದಲ್ಲಿದ್ದೆ. ಅವರು 43 ವರ್ಷದವರು, ರೈಲು ನಿಲ್ದಾಣದ ಎದುರು ಔಷಧಿ ಅಂಗಡಿ ಇಟ್ಟವರು, ಮೊದಲ ಸಲ ನಿಂತವರು. ಬೇರೆ ಎರಡು ಕಡೆಯಿಂದ ಕರೆ ಬಂದಿದ್ದರೂ ನಾನು ಇವರಿಗೆ ಒಪ್ಪಿಕೊಂಡಿದ್ದಕ್ಕೆ ಒಂದೇ ಕಾರಣ. ಪ್ರತಿ ಮನೆಗೂ ಬರುವ ಚುನಾವಣಾ ಪ್ರಕಟಣೆಯಲ್ಲಿ ಇವರ ಚೌಕದೊಳಗೆ ಮೊದಲನೆಯ ಸಾಲು ಹೀಗಿತ್ತು: ತಾಕಾದಾಯ್ ಬಸ್ಸನ್ನು ನಿಲ್ಲಿಸಲು ಬಿಡುವುದಿಲ್ಲ, ದಿನಕ್ಕೆ ಆರು ಸಲ ಈಗಿನಂತೆಯೇ ಓಡುತ್ತದೆ. ಎರಡನೆಯ ಸಾಲಿನಲ್ಲಿ ಶಾಲೆಯ ಊಟದ ವಿಚಾರ, ಮೂರನೆಯದರಲ್ಲಿ ತಗ್ಗಿನಲ್ಲಿರುವ ಹಿಗಾಶಿನುಮಾ ಬಡಾವಣೆಗೆ ಮಳೆನೀರು ಎತ್ತುವ ಪಂಪ್ ಇತ್ತು.

ನನ್ನ ಗಂಡನಿಗೆ 66 ವರ್ಷ. ಎರಡೂ ಮೂತ್ರಪಿಂಡ ಕೆಟ್ಟಿವೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ 9.10ರ ಬಸ್ಸಿನಲ್ಲಿ ಗುಡ್ಡ ಇಳಿದು ಆಸ್ಪತ್ರೆಗೆ ಹೋಗಿ, ನಾಲ್ಕು ಗಂಟೆ ಯಂತ್ರಕ್ಕೆ ರಕ್ತ ಕೊಟ್ಟು, 2.35ರ ಬಸ್ಸಿನಲ್ಲಿ ವಾಪಸು ಬರುತ್ತಾರೆ. ನಮ್ಮ ಮನೆಯಿಂದ ಆಸ್ಪತ್ರೆಗೆ 4.2 ಕಿಲೋಮೀಟರ್. ಕಣ್ಣು ಮಂಜಾದ ಮೇಲೆ ಅವರು ಕಾರಿನ ಪರವಾನಗಿಯನ್ನು ಇದೇ ಠಾಣೆಗೆ ತಂದು ಒಪ್ಪಿಸಿದ್ದಾರೆ. ನನಗೆ ಕಾರು ಓಡಿಸಲು ಬರುವುದಿಲ್ಲ.

ಪ್ರಚಾರ ಏಪ್ರಿಲ್ 16ರ ಭಾನುವಾರ ಶುರುವಾಯಿತು. ಮೊದಲ ಐದು ದಿನ ಹೇಳುವಂಥದ್ದು ಏನೂ ನಡೆಯಲಿಲ್ಲ. ಒಗೂರಿಯವರು ಎಲ್ಲಿ ನಿಂತರೂ ಮೊದಲು ಬಸ್ಸಿನ ಮಾತು ಎತ್ತುತ್ತಿದ್ದರು. ಮಾತು ಒಣವಾಗಿರುತ್ತಿತ್ತು, ಔಷಧಿಯ ಚೀಟಿ ಓದಿದ ಹಾಗೆ, ಆದರೂ ಎತ್ತುತ್ತಿದ್ದರು.

ಏಪ್ರಿಲ್ 21, ಶುಕ್ರವಾರ ಬೆಳಿಗ್ಗೆ 10.05ಕ್ಕೆ ನಾವು ಹಿಗಾಶಿನುಮಾ ಉದ್ಯಾನದ ಬಳಿ ವಾಹನ ನಿಲ್ಲಿಸಿದೆವು. ಸುಮಾರು ಅರವತ್ತು ಜನ ಸೇರಿದ್ದರು. ಅಲ್ಲಿಯ ನಿವಾಸಿಗಳ ಸಂಘದ ಮುಖ್ಯಸ್ಥರಾದ ತೊಮೊಬೆ ಎಂಬ ಹಿರಿಯರು ಒಗೂರಿಯವರನ್ನು ಜಾರುಬಂಡೆಯ ಹಿಂದೆ ಕರೆದುಕೊಂಡು ಹೋದರು. ನಾನು ಬಿಸಿನೀರು ಕುಡಿಯುತ್ತ ಎರಡು ಮೀಟರ್ ದೂರದಲ್ಲಿದ್ದೆ. 'ಪಂಪೂ ಬೇಕು ಬಸ್ಸೂ ಬೇಕು ಅಂದ್ರೆ ಆಗಲ್ಲ ಕಣಯ್ಯ, ಇರೋದು ಒಂದೇ ಗಂಟು. ಹೋದ ವರ್ಷ ನಮ್ಮ ಮನೆ ಒಳಗೆ ಮಂಡಿವರೆಗೂ ನೀರು. ನೀನು ಯಾರ ಕಡೆ ಅಂತ ಇವತ್ತೇ ಹೇಳ್ಬಿಡು, ಇಲ್ಲಿರೋ ಇನ್ನೂರು ಮತ ನಿಂದು,' ಎಂದು ತೊಮೊಬೆ ಹೇಳಿದರು. ಅವರ ಮಾತಿನಲ್ಲೂ ಸುಳ್ಳಿಲ್ಲ. ಅಲ್ಲಿ ನೀರು ನುಗ್ಗುವುದನ್ನು ನಾನೂ ನೋಡಿದ್ದೇನೆ.

10.15ಕ್ಕೆ ಒಗೂರಿಯವರು ಮೈಕ್ ತೆಗೆದುಕೊಂಡು, ಮೊದಲು ಪಂಪ್, ಮಿಕ್ಕಿದ್ದೆಲ್ಲ ಆಮೇಲೆ ಎಂದರು. ಗುಡ್ಡದ ಮೇಲಕ್ಕೆ ಗಾಳಿಯನ್ನು ಹೊತ್ತುಕೊಂಡು ಹೋಗುವ ಬಸ್ಸಿಗಿಂತ ಕರೆದಾಗ ಬರುವ ಸಣ್ಣ ವಾಹನ ಸಾಕು ಎಂದರು. ಜನ ಚಪ್ಪಾಳೆ ತಟ್ಟಿದರು. ಆಗ ಗಡಿಯಾರ ನೋಡಿದೆ. ಅವರು ಗಾಳಿ ಎಂದ ಹೊತ್ತಿಗೆ ನನ್ನ ಗಂಡ ಆಸ್ಪತ್ರೆಯಲ್ಲಿ ತೋಳಿಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದರು. ನನಗೆ ಬಂದ ಸಿಟ್ಟಿನಲ್ಲಿ, ಪ್ರಚಾರಕ್ಕೆ ನಾವೆಲ್ಲ ಹಾಕಿಕೊಳ್ಳುವ ಬಿಳಿ ಕೈಗವಸಿನೊಳಗೆ ಬೆರಳು ಬೆವತಿದ್ದವು.

10.50ಕ್ಕೆ ಅಲ್ಲಿಂದ ಹೊರಟೆವು. ವಾಹನದಲ್ಲಿ ಮೂರೇ ಜನ. ಓಡಿಸುತ್ತಿದ್ದವರು ಕುಸಾಕಾ, 70 ವರ್ಷ, ಮೊದಲು ಟ್ಯಾಕ್ಸಿಯವರು, ನನ್ನನ್ನು ಚಿಕ್ಕಂದಿನಿಂದ ಬಲ್ಲವರು. ಅವರ ಎಡಗಡೆ ಮುಂದಿನ ಸೀಟಿನಲ್ಲಿ ಒಗೂರಿಯವರು, ಹಿಂದೆ ನಾನು. ಬಸ್ಸಿನ ಬಗ್ಗೆ ಹೀಗೆ ಹೇಳಿಬಿಟ್ಟಿರಲ್ಲ ಎಂದು ಕೇಳಿದೆ. 'ಅದು ಅಲ್ಲಿಗೆ ಹೇಳಿದ್ದು ನೆಗಿಶಿಯವರೇ. ಮೇಲಿನೂರಲ್ಲಿ ಹೆಸರು ಮಾತ್ರ ಕೂಗಿ, ಎಲ್ಲೂ ನಿಲ್ಲಿಸೋದು ಬೇಡ,' ಎಂದರು. ನಿಲ್ಲಿಸದಿದ್ದರೆ ಯಾವ ಮಾತನ್ನೂ ಹೇಳಬೇಕಾಗಿಲ್ಲ. ಕಾನೂನನ್ನು ಹೀಗೂ ಬಳಸಬಹುದು ಎಂದು ಇಪ್ಪತ್ತಾರು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ.

11.22ಕ್ಕೆ ತಾಕಾದಾಯ್ ಅಂಚೆ ಕಚೇರಿ ದಾಟಿದೆವು. ವೇಗ ಗಂಟೆಗೆ 20 ಕಿಲೋಮೀಟರ್ ಇತ್ತು. ಬಸ್ ನಿಲ್ದಾಣದ ಬೆಂಚಿನ ಮೇಲೆ ಮೂವರು ಮುದುಕಿಯರು ಕೂತಿದ್ದರು. ನಾನು ಒಗೂರಿಯವರ ಹೆಸರನ್ನು ಎರಡು ಸಲ ಕೂಗಿದೆ. ಆಮೇಲೆ ಪ್ರಕಟಣೆಯ ಹಾಳೆಯನ್ನು ಚೀಲದಿಂದ ತೆಗೆದು, ತಾಕಾದಾಯ್ ಬಸ್ಸನ್ನು ನಿಲ್ಲಿಸಲು ಬಿಡುವುದಿಲ್ಲ ಎಂಬ ಸಾಲನ್ನು ಅದರಲ್ಲಿದ್ದಂತೆ ಓದಿದೆ. ಒಂದು ಅಕ್ಷರವನ್ನೂ ನಾನು ಸೇರಿಸಲಿಲ್ಲ. ಅವರು ಬರೆದ ಮಾತನ್ನು ಅವರದೇ ವಾಹನದಿಂದ ಇಡೀ ಊರಿಗೆ ಕೇಳಿಸಿಬಿಟ್ಟರೆ ಆಮೇಲೆ ನುಂಗಿಕೊಳ್ಳುವುದು ಕಷ್ಟ ಎಂಬುದು ನನ್ನ ಲೆಕ್ಕಾಚಾರ.

ಕುಸಾಕಾ ಕನ್ನಡಿಯಲ್ಲಿ ನನ್ನನ್ನು ನೋಡಿ, 'ಏ ಫುಮಿ, ಗಾಡಿ ಓಡ್ತಾ ಇದೆ ಕಣೇ, ತಲೆ ಕೆಟ್ಟಿದ್ಯಾ?' ಎಂದರು.

ಅಷ್ಟರಲ್ಲಿ ಕಿಟಕಿಗಳು ತೆರೆದುಕೊಳ್ಳತೊಡಗಿದವು. ಮಹಡಿಯ ಕಟಕಟೆಯ ಮೇಲೆ ಹಾಸಿಗೆ ಒಣಹಾಕುತ್ತಿದ್ದವರು ಹಾಸಿಗೆಯ ಮೇಲೇ ಕೈಯೂರಿ ಬಗ್ಗಿದರು. ನಾನು ಮತ್ತೆ ಓದಿದೆ. ಅಂಚೆ ಕಚೇರಿಯಿಂದ ನೀರಿನ ಟ್ಯಾಂಕಿನವರೆಗೆ 900 ಮೀಟರ್; ಅಷ್ಟು ದೂರದಲ್ಲಿ ಏಳು ಸಲ ಓದಿದೆ. ಸಾವಾ ಎಂಬ 84 ವರ್ಷದ ಅಜ್ಜಿ ಮನೆಯೊಳಗಿನ ಚಪ್ಪಲಿಯಲ್ಲೇ ರಸ್ತೆಗೆ ಓಡಿ ಬಂದರು. ಕುಸಾಕಾ ಬ್ರೇಕ್ ಹಾಕಿದರು. 11.25 ಆಗಿತ್ತು. ಅಜ್ಜಿ ಕಿಟಕಿಯೊಳಗೆ ಎರಡೂ ಕೈ ಹಾಕಿ ಒಗೂರಿಯವರ ಕೈ ಹಿಡಿದುಕೊಂಡು, 'ಬಸ್ ಇರುತ್ತಲ್ವೇನಪ್ಪಾ? ನಿಜ ಹೇಳು. ಇಲ್ಲ ಅಂದ್ರೆ ನಾನು ಮಗಳ ಊರಿಗೆ ಹೋಗ್ಬಿಡ್ತೀನಿ, ಅಲ್ಲಿ ಅವಳ ಅತ್ತೆ ಬೇರೆ ಇದಾಳೆ,' ಎಂದರು. ಸುತ್ತ ನಿಂತವರು ನಕ್ಕರು. 'ಇರುತ್ತೆ ಅಜ್ಜಿ, ನಾನಿರೋವರೆಗೂ ಇರುತ್ತೆ,' ಎಂದು ಒಗೂರಿಯವರು ಹೇಳಿದರು. ನಾನು ಗೆದ್ದೆ ಅಂದುಕೊಂಡೆ. ಇಷ್ಟು ವರ್ಷ ಯಾರ್‍ಯಾರದೋ ಹೆಸರನ್ನು ಲಕ್ಷ ಸಲ ಕೂಗಿದ್ದೇನೆ. ಮನಸ್ಸಿನಿಂದ ನಂಬಿ ಬಾಯಿಬಿಟ್ಟು ಹೇಳಿದ್ದು ಆ ಒಂದೇ ಸಾಲು. ತಪ್ಪಾಗಿದ್ದೂ ಅದೇ.

ಮತದಾನ ಭಾನುವಾರ ನಡೆಯಿತು. ಸೋಮವಾರ ಬೆಳಿಗ್ಗೆಯ ಪತ್ರಿಕೆಯಲ್ಲಿ ಫಲಿತಾಂಶ ಓದಿದೆ. ಇಪ್ಪತ್ತು ಸ್ಥಾನಗಳಲ್ಲಿ ಕೊನೆಯದನ್ನು ಒಗೂರಿಯವರು 44 ಮತಗಳ ಅಂತರದಲ್ಲಿ ಗೆದ್ದಿದ್ದರು. ಇಪ್ಪತ್ತೊಂದನೆಯವರು ಶಿಮೊಜೊ. ತಾಕಾದಾಯ್ ಬಸ್ಸನ್ನು ಮೊದಲ ಸಭೆಯಲ್ಲೇ ನಿಲ್ಲಿಸುತ್ತೇನೆ ಎಂದು ಎಲ್ಲ ಕಡೆಯೂ ಒಂದೇ ರೀತಿ ಹೇಳಿಕೊಂಡು ಬಂದವರು ಅವರು. ಒಗೂರಿಯವರ ಸ್ಥಾನ ಹೋದರೆ ಅದು ಶಿಮೊಜೊ ಅವರಿಗೇ ಸೇರುತ್ತದೆ.

ಅದೇ ಸೋಮವಾರ ಬೆಳಿಗ್ಗೆ 8.00ಕ್ಕೆ ಠಾಣೆಯಿಂದ ಫೋನ್ ಬಂತು. ಓಡುವ ವಾಹನದಿಂದ ಭಾಷಣ ಮಾಡಿದ ಬಗ್ಗೆ ಶಿಮೊಜೊ ಕಡೆಯವರು ಮೊಬೈಲ್ ವಿಡಿಯೊ ಸಮೇತ ದೂರು ಕೊಟ್ಟಿದ್ದಾರೆ, ಮಂಗಳವಾರ ಬರಬೇಕು ಎಂದರು. ಆ ವಿಡಿಯೊವನ್ನು ಈ ದಿನ ನನಗೆ ತೋರಿಸಿದ್ದಾರೆ. ಅದರಲ್ಲಿ ವಾಹನದ ಹಿಂಭಾಗ ಕಾಣುತ್ತದೆ, ನನ್ನ ದನಿ ಕೇಳುತ್ತದೆ. ಮುಂದಿನ ಸೀಟು ಕಾಣುವುದಿಲ್ಲ.

8.20ಕ್ಕೆ ಒಗೂರಿಯವರು ನಮ್ಮ ಮನೆಗೆ ಬಂದರು, ಅವರಿಗೂ ಠಾಣೆಯಿಂದ ಫೋನ್ ಬಂದಿತ್ತಂತೆ. ಕೈಯಲ್ಲಿ ಸಿಹಿಯ ಡಬ್ಬವಿತ್ತು. ಬಾಗಿಲಲ್ಲಿ ಇಟ್ಟವರು, ಗೆದ್ದ ಅಭ್ಯರ್ಥಿ ಮತದಾರರಿಗೆ ಉಡುಗೊರೆ ಕೊಟ್ಟರೆ ಅದು ಇನ್ನೊಂದು ಕೇಸು ಎಂದು ನೆನಪಾಗಿ ಮತ್ತೆ ಕಂಕುಳಿಗೆ ಸಿಕ್ಕಿಸಿಕೊಂಡರು. ಒಳಗೆ ಬರಲಿಲ್ಲ. ಅಲ್ಲೇ ನಿಂತು, 'ಆ ಹೊತ್ತಲ್ಲಿ ನನಗೆ ನಿದ್ದೆ ಬಂದುಬಿಟ್ಟಿತ್ತು ಅಂತ ಹೇಳಿ. ಐದು ದಿನದ ಸುಸ್ತು, ಯಾರಾದ್ರೂ ನಂಬ್ತಾರೆ. ಕುಸಾಕಾ ರಸ್ತೆ ನೋಡ್ತಿದ್ದೆ ಅಂತಾರೆ. ನಿಮಗೆ ಒಂದು ಎಚ್ಚರಿಕೆ ಕೊಟ್ಟು ಕಳಿಸ್ತಾರೆ ಅಷ್ಟೇ. ನಾನು ಒಪ್ಪಿದ್ದೆ ಅಂತ ಆದ್ರೆ ನನ್ನ ಸ್ಥಾನ ಹೋಗುತ್ತೆ,' ಎಂದರು.

ಹಾಗಾದರೆ ಬಸ್ಸು ಎಂದು ಕೇಳಿದೆ.

'ಆಮೇಲೆ ನೋಡೋಣ. ಅದನ್ನ ಅಲ್ಲಿ ಕೂಗಿ ಹೇಳಿದ್ದು ನೀವು, ನಾನಲ್ಲ,' ಎಂದರು. ಆಮೇಲೆ ದನಿ ತಗ್ಗಿಸಿ, 'ನಾನಿದ್ರೆ ಏನೋ ಒಂದಿಷ್ಟು ದಾರಿ ಇರುತ್ತೆ ನೆಗಿಶಿಯವರೇ. ಶಿಮೊಜೊ ಬಂದ್ರೆ ಅದೂ ಇಲ್ಲ,' ಎಂದರು. ಅದೂ ನಿಜವೇ. 8.35ಕ್ಕೆ ಹೋದರು.

ನನ್ನ ಗಂಡ ಎಲ್ಲವನ್ನೂ ಒಳಗಿನಿಂದ ಕೇಳಿಸಿಕೊಂಡಿದ್ದರು. ಆಸ್ಪತ್ರೆಯ ಚೀಲ ಹೆಗಲಿಗೆ ಹಾಕಿಕೊಂಡು, ಶೂ ಹಾಕಿಕೊಳ್ಳಲು ಕೂತು, 'ಸುಳ್ಳು ಹೇಳು ಅಂತ ನಾನು ಹೇಳಲ್ಲ ಕಣೇ. ಆದ್ರೆ ನೀನು ನಿಜ ಹೇಳಿದ್ರೆ ನಡ್ಕೊಂಡು ಹೋಗ್ಬೇಕಾಗಿರೋನು ನಾನು, ಅದನ್ನ ಮರೀಬೇಡ,' ಎಂದರು. ಒಂದು ಶೂ ಹಾಕಿಕೊಂಡರು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಎರಡನೆಯದನ್ನು ನಾನೇ ಹಾಕಿದೆ.

ಅಭ್ಯರ್ಥಿಗೆ ಆ ಹೊತ್ತಿನಲ್ಲಿ ಎಚ್ಚರವಿತ್ತೇ, ನಾನು ಓದುತ್ತಿದ್ದುದು ಅವರಿಗೆ ಗೊತ್ತಿತ್ತೇ ಎಂದು ಈ ದಿನ ಮಧ್ಯಾಹ್ನ 2.40ಕ್ಕೆ ಅಧಿಕಾರಿಗಳು ಕೇಳಿದರು. ಯೋಚಿಸಲು ಹೊತ್ತು ಬೇಕು ಎಂದೆ. ಚಹಾ ಕೊಟ್ಟರು. ಹದಿನೈದು ನಿಮಿಷ ಯೋಚಿಸಿದೆ. ನಿದ್ದೆಯಲ್ಲಿದ್ದರು ಎಂದು ಬರೆಸಿದರೆ ಬಸ್ಸಿನ ಮಾತು ಯಾರೂ ಆಡದ ಮಾತಾಗುತ್ತದೆ. ಸಾವಾ ಅಜ್ಜಿ ಕೈ ಹಿಡಿದದ್ದು ಯಾರ ಕೈಯೂ ಅಲ್ಲ ಎಂದಾಗುತ್ತದೆ. ನನ್ನ ಗಂಡನ ಮುಖವೂ ಆ ಹದಿನೈದು ನಿಮಿಷ ಕಣ್ಣ ಮುಂದೆಯೇ ಇತ್ತು.

ನನ್ನ ಉತ್ತರ: ಒಗೂರಿಯವರು ಎಚ್ಚರವಾಗಿದ್ದರು. ಅಂಚೆ ಕಚೇರಿಯಿಂದ ಟ್ಯಾಂಕಿನವರೆಗೂ ಬಿಳಿ ಕೈಗವಸಿನ ಕೈಯನ್ನು ಕಿಟಕಿಯ ಹೊರಗೆ ಹಾಕಿ ಬೀಸುತ್ತಿದ್ದರು. ಕುಸಾಕಾ ನನ್ನನ್ನು ಗದರಿದಾಗ, 'ಹೋಗ್ಲಿ ಬಿಡಿ, ಓದಲಿ. ಎಷ್ಟು ಜನ ಕೈ ಬೀಸ್ತಿದಾರೆ ನೋಡಿ,' ಎಂದು ಅವರೇ ಹೇಳಿದರು. ಓದು ಎಂದು ಮೊದಲು ಹೇಳಿದವರು ಅವರಲ್ಲ, ಶುರು ಮಾಡಿದ್ದು ನಾನು. ಅದಕ್ಕೆ ಏನು ಶಿಕ್ಷೆಯೋ ಅದು ನನಗಿರಲಿ.

ಬರೆದದ್ದನ್ನು ಸಂಜೆ 4.10ಕ್ಕೆ ಓದಿ ಹೇಳಿದರು. ಎಚ್ಚರವಾಗಿದ್ದರು ಎಂಬ ಮಾತು ಬಂದಾಗ ಅಧಿಕಾರಿಗಳು ಓದುವುದನ್ನು ನಿಲ್ಲಿಸಿ, ನಾಳೆ ಬುಧವಾರ, ನಿಮ್ಮ ಗಂಡ ಆಸ್ಪತ್ರೆಗೆ ಹೋಗುವ ದಿನ ಅಲ್ಲವೇ, ಇಲ್ಲಿ ಏನಾದರೂ ಬದಲಾಯಿಸುವುದಿದೆಯೇ ಎಂದು ಕೇಳಿದರು.

ಇಲ್ಲ ಎಂದೆ. ನಾನು ಕಂಡದ್ದು, ಕೇಳಿದ್ದು, ಮಾಡಿದ್ದು ಇಷ್ಟೇ, ಇದರಲ್ಲಿ ಸುಳ್ಳಿಲ್ಲ ಎಂದು ನನ್ನ ಹೆಸರಿನ ಮುದ್ರೆ ಒತ್ತಿದ್ದೇನೆ.

ಸ್ಥಳ: ಮಿನೊಸಾಕಿ ಠಾಣೆ
ದಿನಾಂಕ: 25 ಏಪ್ರಿಲ್ 2023, ಮಂಗಳವಾರ
(ಸಹಿ ಮತ್ತು ಮುದ್ರೆ) ನೆಗಿಶಿ ಫುಮಿನೊ