ಟಿಲ್ಮನ್ ಬಿಡಿಸಿದ ನೆರಳು

ಡಿಸೆಂಬರ್ ತಿಂಗಳು. ಸಂಜೆ ಐದಕ್ಕೇ ಗವ್ವೆನ್ನುವ ಕತ್ತಲು. ನನ್ನ ಚಿಕ್ಕಪ್ಪನ ಮಗ ಎಗ್ಬರ್ಟ್ ಸ್ಟುಡಿಯೋದಿಂದ ಹಳೇ ಬಾವಿ ಬಳಸಿ ಒಬ್ಬನೇ ಮನೆಗೆ ಬರ್ತಿದ್ದ. ನಂಟನೇ ಆದರೂ ಹೇಳ್ತೀನಿ, ಅಂಥ ದುರಹಂಕಾರಿಯನ್ನ ಇಡೀ ಬರ್ಲಿನ್ನಿನಲ್ಲಿ ನಾನು ಕಂಡಿಲ್ಲ.

ಅವನು ಸ್ಟುಡಿಯೋದ ಮೇಸ್ತ್ರಿ. ನಾನು ಅಲ್ಲೇ ನಟರ ಬಟ್ಟೆ ಹೊಲೀತಿದ್ದೆ. ಆಗ ತೆಗೀತಿದ್ದ ಮೂಕಿ ಚಿತ್ರದ ಸೆಟ್ಟಿನಲ್ಲಿ ಗೋಡೆ, ಕಿಟಕಿ, ಬೀದಿ ಎಲ್ಲಾ ಸೊಟ್ಟ. ನೆರಳನ್ನೂ ಬಣ್ಣದಲ್ಲೇ ಬರೆಯೋದು. ಬರೀತಿದ್ದವನು ಮುದುಕ ಟಿಲ್ಮನ್. ಅವನು ಬರೆದ ಬೀದಿಯ ಮುಂದೆ ನಿಂತರೆ ನಾನು ಹಿಂದೆ ತಿರುಗಿ ತಿರುಗಿ ನೋಡ್ತಿದ್ದೆ.

"ನೆರಳು ಗೀಚೋದೂ ಒಂದು ವಿದ್ಯೆಯೇನಯ್ಯಾ? ಬೆಕ್ಕಿನ ಬಾಲಕ್ಕೆ ಮಸಿ ಹಚ್ಚಿ ಬಿಟ್ರೆ ನಿನಗಿಂತ ಚೆನ್ನಾಗಿ ಬರೆಯುತ್ತೆ!" ಅಂತಿದ್ದ ಎಗ್ಬರ್ಟ್.

"ಹೊರಗಿನ ನೆರಳು ದೀಪ ಕೊಡುತ್ತೆ ಯಜಮಾನ್ರೇ. ಒಳಗಿಂದನ್ನ ಕೈಯೇ ಬರೀಬೇಕು," ಅಂತಿದ್ದ ಟಿಲ್ಮನ್.

ಸ್ಟುಡಿಯೋ ಹಿಂದೆ ಅವನು ಮಲಗ್ತಿದ್ದ ಒಲೆಯಿಲ್ಲದ ಕೊಟ್ಟಿಗೆಯಲ್ಲೇ ಚಳಿಜ್ವರ ಬಂದು ಮುದುಕ ಸತ್ತ. ಮೂರನೇ ದಿನಕ್ಕೇ ಅವನ ಬೀದಿಗೆಲ್ಲ ಸುಣ್ಣ ಹೊಡೆಸಿದ, ಈ ಮಹಾಶಯ.

ಅವತ್ತಿನ ಸಂಜೆಯೇ ಇದು. ಬಾವಿ ದಾಟಿದ್ದಾನೆ... ಹಿಂದೆ ಸದ್ದು. ಸರಕ್... ಸರಕ್... ಒದ್ದೆ ಕುಂಚ ಗೋಡೆಗೆ ಉಜ್ಜಿದ ಹಾಗೆ. ಆಮೇಲೆ ಟಪ್. ಒಂದು ಹನಿ.

"ಯಾವನೋ ಅದು?"

ಕಿವಿಯ ಹತ್ತಿರವೇ ಪಿಸುಮಾತು: "ಸ್ವಲ್ಪ ಅಲ್ಲಾಡದೆ ನಿಂತ್ಕೊಳ್ಳಿ ಯಜಮಾನ್ರೇ... ಮುಗೀತು."

ಕಾಲು ಕಿತ್ತಿಡೋಕಾಗಲಿಲ್ಲವಂತೆ. ಹೇಗೋ ಓಡಿ ಬಂದು ನಮ್ಮ ಬಾಗಿಲು ಬಡಿದ. ಬಲಗೈ ಬೆರಳೆಲ್ಲ ಕಪ್ಪು. ಬಣ್ಣಕ್ಕೆ ಬೆರೆಸೋ ಅಂಟಿನ ನಾತ. ಕತ್ತಲಲ್ಲಿ ಗೋಡೆ ತಡವಿದ್ದನಂತೆ, ಹಸಿಯಾಗಿತ್ತಂತೆ.

ಬೆಳಿಗ್ಗೆ ಇಬ್ಬರೂ ಹೋದ್ವಿ. ಬಾವಿಯೆದುರಿನ ಗೋಡೆ ಮೇಲೆ ಆಳೆತ್ತರದ ನೆರಳು. ಕೊಕ್ಕರೆ ಕತ್ತು, ಗೂನುಬೆನ್ನು, ಕುಂಟೆಹಲ್ಲಿನಂಥ ಬೆರಳು. ಅಷ್ಟರಲ್ಲಿ ನಿರ್ದೇಶಕರೂ ಸುದ್ದಿ ಕೇಳಿ ಕ್ಯಾಮೆರಾ ಹೊರಿಸಿಕೊಂಡು ಬಂದಿದ್ರು.

"ಆಹಾ! ಯಾರ ಕೈಯಪ್ಪಾ ಇದು?" ಅಂತ ಕುಣಿದಾಡಿದ್ರು. ನಟನನ್ನ ಅದರ ಮುಂದೆ ನಿಲ್ಲಿಸಿದ್ರು. ಅವನು ಸೊಂಟ ಮುರಿಯೋ ಹಾಗೆ ಬಗ್ಗಿದರೂ ಹೊಂದಲಿಲ್ಲ.

"ಎಗ್ಬರ್ಟ್, ನೀನೊಮ್ಮೆ ನಿಲ್ಲಯ್ಯಾ."

ಬಡಪಾಯಿ ನಿಂತ. ಬಗ್ಗಲಿಲ್ಲ, ಬಾಗಲಿಲ್ಲ, ಸುಮ್ಮನೆ ನಿಂತ, ಅಷ್ಟೇ. ನೆರಳು ಪಾದದಿಂದ ನೆತ್ತಿವರೆಗೆ ಅವನಿಗೆ ಸರಿಯಾಗಿ ಕೂತಿತು. ಬೀದಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ? ಅವನು ಮಾತ್ರ ಮುಖ ಮುಚ್ಚಿಕೊಂಡು, "ತಪ್ಪಾಯ್ತು ಟಿಲ್ಮನ್... ತಪ್ಪಾಯ್ತು..." ಅಂತ ಗೋಡೆಗೆ ಹೇಳ್ತಿದ್ದ. ಅವತ್ತೇ ಊರು ಬಿಟ್ಟ.

ಈಗ ಆ ಗೋಡೆಗೆ ಮೂರು ಸಲ ಸುಣ್ಣವಾಗಿದೆ. ನೆರಳೇನೂ ಇಲ್ಲ. ಅಲ್ಲಿನ ಬಾಡಿಗೆಯವರು ಅದರ ಮುಂದೆ ಬಟ್ಟೆ ಒಣಹಾಕ್ತಾರೆ. ಒಂದು ಆಳಿನಗಲದಷ್ಟು ಜಾಗದಲ್ಲಿ ಮಾತ್ರ ಬಟ್ಟೆ ಒಣಗೋದಿಲ್ಲ. ಆಗಸ್ಟಿನ ಬೇಸಿಗೆ ಬಿಸಿಲಲ್ಲೂ. ನಾನೇ ಮುಟ್ಟಿ ನೋಡಿದ್ದೀನಿ.